ಜೋಡಿ ಕತ್ತಿಗೆ ಇಟ್ಟ ಕುಂಕುಮ

ದೋಹಾದ ಹತ್ತಿರದ ಮೆಸಯೀದಿನಲ್ಲಿ, ನಮ್ಮ ಕಂಪನಿ ಮನೆಯ ಹಾಲಿನಲ್ಲಿ, ದೇವರ ಗೂಡಿಗಿಂತ ಒಂದು ಗೇಣು ಎತ್ತರದಲ್ಲಿ ಎರಡು ಕತ್ತಿಗಳಿವೆ. ಜಪಾನಿನ ಹಳೆಯ ಸಮುರಾಯ್ ಯೋಧರವು. ಒಂದು ಉದ್ದ, ಒಂದು ಗಿಡ್ಡ. ಎರಡೂ ಒಬ್ಬನೇ ಕಮ್ಮಾರನ ಕೈಕೆಲಸ. ಬಿಡಿ ಕತ್ತಿ ಹುಡುಕಿದರೆ ಸಿಕ್ಕೀತು, ಜೋಡಿ ಸಿಗುವುದೇ ಕಷ್ಟ. ಮನೆ ಪಾಲಾಗುವಾಗ ಅಣ್ಣನೊಂದು, ತಮ್ಮನೊಂದು ಮಾರಿಕೊಂಡಿರುತ್ತಾರೆ. ನನ್ನವೂ ಹಾಗೆ ಅಗಲಿದ್ದವೇ. ಉದ್ದದ್ದು ಮೊದಲು ಬಂತು. ಅದರ ಜೊತೆಯದನ್ನು ಪತ್ತೆ ಹಚ್ಚಿ, ಪರ್ಮಿಟ್ಟಿಗೆ ಅಲೆದು, ಕಸ್ಟಮ್ಸಿನಿಂದ ಬಿಡಿಸಿಕೊಂಡು ಬರುವಷ್ಟರಲ್ಲಿ ನನ್ನ ಕಿವಿಯ ಪಕ್ಕದ ಕೂದಲು ನರೆತಿತ್ತು. "ಮಗಳು ಹುಟ್ಟಿದಾಗ್ಲೂ ನೀವು ಇಷ್ಟು ಹಲ್ಲು ಕಿರಿದಿರ್ಲಿಲ್ಲ ಕಣ್ರೀ" ಎಂದು ಹೆಂಡತಿ ರೇಗಿಸಿದ್ದಳು.

ಆ ಅಲಗನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಬೆವರು ತಗುಲಿದರೂ ತುಕ್ಕು ಹಿಡಿಯುತ್ತದೆ. ನಾನೇ ಮೆತ್ತನೆಯ ಕಾಗದದಿಂದ ಒರೆಸಿ, ಲವಂಗದ ವಾಸನೆಯ ಎಣ್ಣೆಯನ್ನು ತೆಳ್ಳಗೆ ಸವರಿ ಒರೆಗೆ ಹಾಕುತ್ತಿದ್ದೆ. ಇದನ್ನು ಹೆಂಡತಿಗೆ ಹೇಳಿದ್ದೆ. ಅತ್ತೆಗೆ ಹೇಳಿರಲಿಲ್ಲ.

ಹೆಂಡತಿ ಮತ್ತೆ ದೋಹಾದ ಆಫೀಸಿಗೆ ಹೋಗತೊಡಗಿದ್ದರಿಂದ ಮೊಮ್ಮಗಳನ್ನು ನೋಡಿಕೊಳ್ಳಲೆಂದು ಅತ್ತೆ ಮೈಸೂರಿನಿಂದ ಬಂದಿದ್ದರು. ಬಂದ ದಿನವೇ ನನ್ನ ಜಂಬ ಶುರುವಾಯಿತು. "ಅತ್ತೆ, ಇದು ಬರೀ ಕಬ್ಬಿಣ ಅಲ್ಲ. ಆ ಯೋಧರ ಜೀವ ಇದರಲ್ಲೇ ಇತ್ತಂತೆ. ನಂದೂ ಅಷ್ಟೇ ಅಂದ್ಕೊಳ್ಳಿ" ಎಂದೆ. ಅತ್ತೆ ಕತ್ತಿಗಳಿಗೆ ಕೈಮುಗಿದರು. ನಾನು ಉಬ್ಬಿಹೋದೆ.

ಆಯುಧಪೂಜೆಯ ದಿನ ನಮಗೇನು ಇಲ್ಲಿ ರಜೆಯೇ? ಪ್ಲಾಂಟಿನಿಂದ ಕಂಪನಿ ಬಸ್ಸಿನಲ್ಲಿ ಸಂಜೆ ಬಂದಿಳಿದಾಗ ನನ್ನ ಕಾರು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣು. ನಗುತ್ತಲೇ ಒಳಗೆ ಹೋದೆ.

ದೇವರ ಮುಂದೆ ಬಾಳೆಲೆ ಹಾಸಿ ಎರಡೂ ಕತ್ತಿಗಳನ್ನು ಒರೆಯಿಂದ ತೆಗೆದು ಮಲಗಿಸಿತ್ತು. ಒದ್ದೆಬಟ್ಟೆಯಲ್ಲಿ ಒರೆಸಿ, ಅಲಗಿನ ಉದ್ದಕ್ಕೂ ಗಂಧ, ಅರಿಸಿನ, ಕುಂಕುಮ ಇಟ್ಟಿತ್ತು. ಗಿಡ್ಡ ಕತ್ತಿಯ ತುದಿಗೆ ಒಂದು ನಿಂಬೆಹಣ್ಣು ಚುಚ್ಚಿತ್ತು. ಅದರ ಹುಳಿ ಬೆಳಗಿನಿಂದ ಉಕ್ಕನ್ನು ತಿನ್ನುತ್ತಿತ್ತು.

"ಯಾರು ಮುಟ್ಟಿದ್ದು ಇದನ್ನ?"

"ನಾನೇ ಅಳಿಯಂದ್ರೇ" ಎಂದು ಅತ್ತೆ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಮುಖದ ತುಂಬ ನಗು. "ನಿಮ್ಮ ಜೀವ ಅಂದಿದ್ರಲ್ಲ, ಅದಕ್ಕೇ ಕಾರಿಗಿಂತ ಮೊದ್ಲು ಇದಕ್ಕೇ ಪೂಜೆ ಮಾಡ್ದೆ."

ಅಲ್ಲಿಗೆ ಸುಮ್ಮನಾಗಬಹುದಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. "ಇದೇನು ಈಳಿಗೆಮಣೆ ಅಂದ್ಕೊಂಡ್ರಾ? ಈ ಮನೇಲಿ ನನ್ನ ಕೇಳ್ದೆ ಏನನ್ನೂ ಮುಟ್ಬೇಡಿ!" ಎಂದು ಕೂಗಿಬಿಟ್ಟೆ. ಸದ್ದಿಗೆ ಮಗು ಎದ್ದು ಅಳತೊಡಗಿತು. ಅತ್ತೆ ಅದರ ಕಡೆ ಹೋಗಲಿಲ್ಲ. ನಿಂತಲ್ಲೇ ನಿಂತಿದ್ದರು.

ಗಿಡ್ಡ ಕತ್ತಿಯ ತುದಿಯಲ್ಲಿ ಈಗ ಒಂದು ಕಪ್ಪು ಕಲೆ ಇದೆ. ಸಾಣೆ ಹಿಡಿಸಿದರೆ ಹೋದೀತು, ಆದರೆ ಅಲಗು ಸವೆದು ಜೋಡಿಯ ಹೊಂದಿಕೆ ಕೆಡುತ್ತದೆ ಎಂದು ದೋಹಾದಲ್ಲಿ ಕತ್ತಿ ಸಂಗ್ರಹಿಸುವ ಗೆಳೆಯರೊಬ್ಬರು ಹೇಳಿದರು. ಹಾಗೇ ಬಿಟ್ಟಿದ್ದೇನೆ. ನಿಜ ಹೇಳಬೇಕೆಂದರೆ ಆ ಕಲೆ ನನ್ನನ್ನು ಅಷ್ಟಾಗಿ ಕಾಡುವುದೂ ಇಲ್ಲ.

ಪೂಜೆಯ ಮಾರನೆಯ ಬೆಳಿಗ್ಗೆಯೇ ಕ್ಷಮೆ ಕೇಳಿದ್ದೆ. "ಏನೋ ಸಿಟ್ಟಲ್ಲಿ ಅಂದ್ಬಿಟ್ಟೆ ಅತ್ತೆ, ಮನಸ್ಸಿಗೆ ಹಚ್ಕೋಬೇಡಿ."

"ಅಯ್ಯೋ, ಬಿಡಿ. ಗೊತ್ತಿಲ್ದೆ ಮುಟ್ಟಿದ್ದು ನನ್ನದೇ ತಪ್ಪು" ಎಂದರು. ಆಮೇಲೆ ಸ್ಟೌ ಹತ್ತಿರ ನಿಂತು ಕೇಳಿದರು: "ಅಳಿಯಂದ್ರೇ, ಈ ಕಾಫಿ ಫಿಲ್ಟರ್ ತಗೋಬಹುದಾ?"

ಚುಚ್ಚಿ ಆಡುತ್ತಿದ್ದಾರೇನೋ ಅಂದುಕೊಂಡೆ. ಅಲ್ಲ, ನಿಜವಾಗಿಯೇ ಕೇಳಿದ್ದರು. ಫ್ರಿಜ್ಜು, ಟಿವಿ ರಿಮೋಟು, ಬಾಲ್ಕನಿಯ ತುಳಸಿ, ಎಲ್ಲದಕ್ಕೂ ಕೇಳುತ್ತಾರೆ. "ಅಮ್ಮಾ, ಇದು ನಿನ್ನ ಮಗಳ ಮನೆ" ಎಂದು ಹೆಂಡತಿ ಅತ್ತಳು. ನನ್ನನ್ನು ಮಾತ್ರ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಮೊನ್ನೆ ಶುಕ್ರವಾರ ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಮಗು ಸೋಫಾ ಹಿಡಿದು ನಿಲ್ಲಲು ಹೋಗಿ ದೊಪ್ಪೆಂದು ಬಿತ್ತು. ಎದುರಿಗೇ ಇದ್ದ ಅಜ್ಜಿಯ ಕಡೆಗೆ ಎರಡೂ ಕೈ ಚಾಚಿ ಕಿರುಚಿತು. ಅತ್ತೆ ಬಗ್ಗಿದರು. ಅವರ ಕೈ ಅರ್ಧಕ್ಕೇ ನಿಂತಿತು. ತಲೆಯೆತ್ತಿ ನನ್ನ ಮುಖ ನೋಡಿದರು.

"ಅಳಿಯಂದ್ರೇ, ಎತ್ಕೋಬಹುದಾ?"