ದೊಡ್ಡಮ್ಮ ಮತ್ತೆ ಬಾಯಿ ತೆರೆದದ್ದು

ನನ್ನ ದೊಡ್ಡಮ್ಮನ ಮುಂದಿನ ಹಲ್ಲುಗಳನ್ನು ಮುರಿದದ್ದು ಅವಳೇ ಸಾಕಿದ ಸೀಮೆಹಸು. ಬೆಳಗಿನ ಹೊತ್ತು ಹುಲ್ಲು ಹಾಕಲು ಬಗ್ಗಿದ್ದಾಳೆ, ಹಸು ನೊಣಕ್ಕೋ ಏನಕ್ಕೋ ತಲೆ ಕೊಡವಿದೆ, ಅದರ ನೆತ್ತಿ ಇವಳ ಬಾಯಿಗೆ ಬಡಿದಿದೆ. ತುಟಿಯ ಗಾಯ ಬೇಗ ಮಾಯಿತು. ಮೇಲುಸಾಲಿನ ನಡುವಿನ ಎರಡು ಹಲ್ಲುಗಳು ಮಾತ್ರ ಅರ್ಧಕ್ಕೆ ಓರೆಯಾಗಿ ಮುರಿದು ಹಾಗೇ ಉಳಿದವು.

ಇದು ತೊಂಬತ್ತರ ದಶಕದ ನಡುವಿನ ಮಾತು. ದೊಡ್ಡಮ್ಮನ ಊರು ಪಾಂಡವಪುರದ ಪಕ್ಕದ ಹಳ್ಳಿ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಪಾಂಡವಪುರದ ಹೈಸ್ಕೂಲೊಂದರಲ್ಲಿ ಪಾಠ ಮಾಡುತ್ತ ಅವಳ ಮನೆಯಲ್ಲೇ ಇದ್ದೆ.

ನಮ್ಮ ಕಡೆ ಮುರಿದ ಹಲ್ಲು ದೊಡ್ಡ ಸಂಗತಿಯೇನಲ್ಲ. ಎರಡು ಹೊತ್ತೂ ಮುದ್ದೆ ಉಣ್ಣುವವರು ನಾವು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ; ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುತ್ತೇವೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದೆಂದರೆ ಕೀಳಿಸಿಕೊಂಡು ಬರುವುದು ಎಂದೇ ಅರ್ಥ. ದೊಡ್ಡಪ್ಪನೂ ಅದನ್ನೇ ಹೇಳಿದರು.

"ಮುದ್ದೆ ನುಂಗಕ್ಕೆ ಅಲ್ಲು ಯಾಕಮ್ಮಿ? ನೋವಿದ್ರೆ ಕೀಳಿಸ್ಬುಡು."

"ನುಂಗಕ್ಕಲ್ಲ," ಅಂದಳು ದೊಡ್ಡಮ್ಮ. "ಪದ ಏಳಕ್ಕೆ."

ಮದುವೆ ಮನೆಗಳಲ್ಲಿ ಸೋಬಾನೆ ಪದ ಎತ್ತಿಕೊಡುವವಳು ಅವಳು. ಅವಳು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಅದನ್ನು ಹಿಡಿದು ಮತ್ತೆ ಹೇಳಬೇಕು. ಓದು ಬರಹ ಬಾರದು, ಆದರೆ ಚಪ್ಪರ ಹಾಕುವುದರಿಂದ ಹೆಣ್ಣು ಒಪ್ಪಿಸಿಕೊಡುವವರೆಗೆ ಯಾವ ಶಾಸ್ತ್ರಕ್ಕೆ ಯಾವ ಪದ ಎನ್ನುವುದು ಅವಳ ತಲೆಯಲ್ಲಿ ಸಾಲಾಗಿ ನಿಂತಿರುತ್ತಿತ್ತು. ಕೆ.ಆರ್. ಪೇಟೆಯಿಂದ, ನಾಗಮಂಗಲದ ಕಡೆಯಿಂದಲೂ ಕರೆಯುತ್ತಿದ್ದರು. ಹಲ್ಲು ಮುರಿದ ಮೇಲೆ ಆ ಸಂದಿನಿಂದ ಗಾಳಿ ಸೋರಿ ಮಾತು ಮಸುಕಾಯಿತು. ಹಿಂದೆ ಹೇಳುವವರು ಸಾಲು ಸಿಗದೆ ತಡವರಿಸಿದರು. ಒಂದು ಮನೆಯಲ್ಲಿ ಹುಡುಗಿಯರು ಬಾಯಿಗೆ ಸೆರಗು ಅಡ್ಡ ಇಟ್ಟು ನಕ್ಕರು. ಅಂದಿನಿಂದ ಅವಳು ಶಾಸ್ತ್ರಕ್ಕೆ ಹೋದರೂ ಗೋಡೆಗೆ ಒರಗಿ ಹಿಂದೆ ಕೂರುತ್ತಿದ್ದಳು. ನಾಗಮಂಗಲದಲ್ಲಿ ಅವಳ ತಮ್ಮನ ಮಗಳ ಮದುವೆ ಗೊತ್ತಾಗಿತ್ತು. ಅಲ್ಲಿಯೂ ಹಿಂದೆ ಕೂರುವುದಾದರೆ ತಾನು ಹೋಗುವುದೇ ಇಲ್ಲವೆಂದಳು.

ಶ್ರೀರಂಗಪಟ್ಟಣದಲ್ಲಿ, ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಸ್ಟೋರಿನ ಮಹಡಿಯ ಮೇಲೆ ಒಬ್ಬ ಹಲ್ಲಿನ ಡಾಕ್ಟರು ಹೊಸದಾಗಿ ಬಂದಿದ್ದರು. ಚಿಕ್ಕ ವಯಸ್ಸಿನ ಹೆಂಗಸು, ದೊಡ್ಡಮ್ಮನ ಭುಜದವರೆಗೂ ಬಾರದ ಎತ್ತರ. ಕನ್ನಡಿ ಹಾಕಿ ನೋಡಿ, ಬೇರು ಗಟ್ಟಿಯಾಗಿದೆ, ಕೀಳುವುದು ಬೇಡ ಅಂದರು. ಒಳಗಿನ ನರ ತೆಗೆದು, ಉಳಿದ ತುಂಡನ್ನು ಸಣ್ಣ ಗೂಟದಂತೆ ತೇಯ್ದು, ಅದರ ಮೇಲೆ ಹಲ್ಲಿನಂತೆಯೇ ಕಾಣುವ ಕ್ಯಾಪು ಕೂರಿಸಬಹುದು ಅಂದರು.

"ಬೊಡ್ಡೆ ಮ್ಯಾಲೆ ಮಡಕೆ ಬೋರ್ಲಾಕಿದಂಗೆ," ಅಂದರು ದೊಡ್ಡಪ್ಪ.

"ಹಾಗೇ ಅಂದ್ಕೊಳ್ಳಿ," ಅಂತ ಡಾಕ್ಟರು ನಕ್ಕರು. "ಆದ್ರೆ ಈ ಮಡಕೆ ಅಳ್ಳಾಡಬಾರದು."

ಆ ಕೆಲಸದ ನಾಜೂಕು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಣ್ಣ ಹೊಂದಿಸಲು ಅವರು ದೊಡ್ಡಮ್ಮನನ್ನು ಮಹಡಿಯ ಬಿಸಿಲಿಗೆ ಕರೆದುಕೊಂಡು ಹೋಗಿ, ಬೇರೆ ಬೇರೆ ಬಿಳುಪಿನ ಹಲ್ಲಿನ ಮಾದರಿಗಳನ್ನು ತುಟಿಯ ಹತ್ತಿರ ಹಿಡಿದು ನೋಡಿದರು. ತುಂಬ ಬೆಳ್ಳಗಿದ್ದದ್ದನ್ನು ದೊಡ್ಡಮ್ಮ ಕೈಯಲ್ಲೇ ಸರಿಸಿದಳು.

"ಇಷ್ಟು ಬೆಳ್ಳಗೆ ಬ್ಯಾಡ ಕಣವ್ವ. ಎಲಡಿಕೆ ಆಕೋ ಬಾಯಿ. ಅಕ್ಕಪಕ್ಕದ ಅಲ್ಲು ಏನಂದ್ಕಂಡಾವು?"

ಡಾಕ್ಟರು ತುಸು ಕಂದಿದ್ದನ್ನೇ ಆರಿಸಿದರು. ಅಚ್ಚು ತೆಗೆದು ಮೈಸೂರಿನ ಲ್ಯಾಬಿಗೆ ಕಳಿಸಿದರು. ಕೆಲವು ದಿನ ಬಿಟ್ಟು ಕ್ಯಾಪು ಬಂದಿದೆ, ಬನ್ನಿ ಎಂದು ಹೇಳಿ ಕಳಿಸಿದರು.

ಆ ದಿನ ಮೂವರೂ ಹೋದೆವು. ಹಿಂತಿರುಗುವುದು ತಡವಾದೀತೆಂದು ದೊಡ್ಡಮ್ಮ ಡಬ್ಬಿಯಲ್ಲಿ ಮುದ್ದೆ, ಅವರೆಕಾಳು ಸಾರು ಕಟ್ಟಿಕೊಂಡಿದ್ದಳು. ದೊಡ್ಡಪ್ಪ ಡಬ್ಬಿ ಇಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕೂತರು. ನಾನು ಒಳಗೆ, ದೊಡ್ಡಮ್ಮನ ಕಾಲಿನ ಹತ್ತಿರ ನಿಂತೆ.

"ಅಮ್ಮ, ನಾಲಿಗೆ ಮೇಲೆ ಏನಾದ್ರೂ ಬಿದ್ರೆ ನುಂಗಬೇಡಿ," ಅಂದರು ಡಾಕ್ಟರು. "ಪಕ್ಕಕ್ಕೆ ತಿರುಗಿ ಉಗಿದುಬಿಡಿ." ದೊಡ್ಡಮ್ಮ ಮಲಗಿದ್ದಲ್ಲೇ ತಲೆಯಾಡಿಸಿದಳು.

ಮೊದಲನೆಯ ಕ್ಯಾಪು ತನ್ನ ಜಾಗಕ್ಕೆ ಸರಿಯಾಗಿ ಕೂತಿತು; ಡಾಕ್ಟರು ಅದನ್ನು ತೆಗೆದಿಟ್ಟರು. ಎರಡನೆಯದು ಎಂಜಲಿಗೆ ನುಣುಪಾಗಿ ಡಾಕ್ಟರ ಬೆರಳಿನಿಂದ ಜಾರಿ ನಾಲಿಗೆಯ ಹಿಂಭಾಗಕ್ಕೆ ಬಿತ್ತು. ಹುಟ್ಟಿದಾಗಿನಿಂದ ಮುದ್ದೆ ನುಂಗಿದ ಗಂಟಲು ಅದು. ಹಿಂದಕ್ಕೆ ಬಿದ್ದದ್ದನ್ನು ಒಳಗೆ ಎಳೆದುಕೊಳ್ಳುವುದೊಂದೇ ಅದಕ್ಕೆ ಗೊತ್ತು. ಎಳೆದುಕೊಂಡಿತು. ಗಾಬರಿಗೆ ಅದೇ ಹೊತ್ತಿನಲ್ಲಿ ಉಸಿರನ್ನೂ ಎಳೆದಳು. ಒಂದು ಸಲ ಕೆಮ್ಮಿದಳು. ಆಮೇಲೆ ಸದ್ದೇ ಇಲ್ಲ.

ನನ್ನನ್ನು ಇಂದಿಗೂ ಬಿಡದಿರುವುದು ಆ ಸದ್ದಿಲ್ಲದ ಹೊತ್ತು. ಬಾಯಿ ಅಗಲವಾಗಿ ತೆರೆದಿದೆ, ಎದೆ ಎಳೆಯುತ್ತಿದೆ, ಗಾಳಿ ಒಳಗೆ ಹೋಗುತ್ತಿಲ್ಲ. ಕಣ್ಣು ನನ್ನ ಮೇಲೆಯೇ ನೆಟ್ಟಿದೆ. ಕೆಳಗೆ ಬಸ್ಸಿನ ಕಂಡಕ್ಟರು ಮಂಡ್ಯ, ಮಂಡ್ಯ ಎಂದು ಕೂಗುತ್ತಿದ್ದ.

ಡಾಕ್ಟರು ಅವಳನ್ನು ಎಬ್ಬಿಸಿ ಮುಂದಕ್ಕೆ ಬಗ್ಗಿಸಿ, ಬೆನ್ನಿನ ನಡುವೆ ಅಂಗೈಯಿಂದ ಬಲವಾಗಿ ಬಡಿದರು. ಏನೂ ಬರಲಿಲ್ಲ. ಬಡಿತದ ಸದ್ದಿಗೆ ದೊಡ್ಡಪ್ಪ ಒಳಗೆ ಬಂದರು. ಕ್ಯಾಪು ಗಂಟಲಿಗೆ ಹೋಯಿತು ಎಂದೆ. ಅವರು ಹಿಂದೆ ಮುಂದೆ ನೋಡದೆ ಡಬ್ಬಿ ಬಿಚ್ಚಿ ಮುದ್ದೆಯ ದೊಡ್ಡ ತುತ್ತು ಮುರಿದರು. ಮೀನಿನ ಮುಳ್ಳು ಸಿಕ್ಕಿಕೊಂಡರೂ, ಮಾತ್ರೆ ಸಿಕ್ಕಿಕೊಂಡರೂ ನಮ್ಮಲ್ಲಿ ಮಾಡುವುದು ಅದನ್ನೇ. ಮೇಲಿನಿಂದ ಒಂದು ತುತ್ತು ಮುದ್ದೆ ನುಂಗಿಸಿದರೆ ಅದು ಸಿಕ್ಕಿದ್ದನ್ನು ಎಳೆದುಕೊಂಡು ಕೆಳಗಿಳಿಯುತ್ತದೆ.

"ನುಂಗ್ಬುಡಮ್ಮಿ, ಎಳ್ಕಂಡು ಓಯ್ತದೆ," ಅನ್ನುತ್ತ ಹತ್ತಿರ ಬಂದರು. ದೊಡ್ಡಮ್ಮ ಆ ಕೈಯ ಕಡೆಗೇ ಬಾಯಿ ತಿರುಗಿಸಿದಳು.

"ಬೇಡ," ಅಂದರು ಡಾಕ್ಟರು. ಕೂಗಲಿಲ್ಲ. "ಅದು ಅನ್ನದ ದಾರೀಲಿಲ್ಲ, ಉಸಿರಿನ ದಾರೀಲಿದೆ. ಬಾಯಿಗೆ ಏನೂ ಹಾಕಬೇಡಿ. ನೀವು ಅವರ ಕೈ ಹಿಡೀರಿ." ಕೊನೆಯ ಮಾತು ನನಗೆ.

ನಾನು ದೊಡ್ಡಪ್ಪನ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದೆ. ಮುದ್ದೆ ಅವರ ಬೆರಳ ಸಂದಿಯಿಂದ ಹಿಸುಕಿಕೊಂಡು ಹೊರಬಂತು. ಡಾಕ್ಟರು ದೊಡ್ಡಮ್ಮನ ಹಿಂದೆ ಹೋಗಿ, ಎರಡು ತೋಳಿನಲ್ಲೂ ಬಳಸಿ, ಹೊಕ್ಕುಳ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಜಗ್ಗಿದರು. ದೊಡ್ಡಮ್ಮನದು ಅವರ ಎರಡರಷ್ಟು ಮೈ. ಡಾಕ್ಟರ ಕಾಲಿನ ಚಪ್ಪಲಿ ಕಳಚಿ ಎಲ್ಲೋ ಹೋಯಿತು. ಮತ್ತೆ ಜಗ್ಗಿದರು, ಮತ್ತೆ. ತುಟಿ ನೀಲಿಯಾಗುವುದನ್ನು ನಾನು ಕಂಡೆ. ಆಗ ಒಂದು ಕೆಮ್ಮು ಬಂತು, ಕ್ಯಾಪು ಹಾರಿ ಉಗುಳುವ ಬಟ್ಟಲಿಗೆ ಬಡಿದು ಟಣ್ ಎಂದಿತು. ಅದರ ಹಿಂದೆಯೇ ದೊಡ್ಡಮ್ಮ ಉಸಿರೆಳೆದುಕೊಂಡಳು. ಬಾವಿಯ ರಾಟೆ ಎಳೆದ ಹಾಗೆ ಒರಟಾದ, ಉದ್ದನೆಯ ಉಸಿರು.

ಡಾಕ್ಟರು ಮೊದಲು ಮಾಡಿದ್ದು ಕ್ಯಾಪನ್ನು ಎತ್ತಿ ತೊಳೆದು, ಲ್ಯಾಬಿನಿಂದ ಬಂದಿದ್ದ ಅಚ್ಚಿನ ಮೇಲೆ ಕೂರಿಸಿ ನೋಡಿದ್ದು. ಚೂರೇನಾದರೂ ಒಳಗೆ ಉಳಿದಿದೆಯೋ ಎಂದು. ಇಡಿಯಾಗಿತ್ತು. ಆಮೇಲೆ ಎದೆಗೆ, ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಸ್ಟೂಲಿನ ಮೇಲೆ ಕೂತರು.

"ಗಂಟಲಿಗೆ ಮೊದಲೇ ಬಟ್ಟೆ ಅಡ್ಡ ಇಡಬೇಕಿತ್ತು," ಅಂದರು. "ನನ್ನ ತಪ್ಪು. ಇವತ್ತು ಬೇಡಮ್ಮ, ಇನ್ನೊಂದು ದಿನ ಬನ್ನಿ. ಇಲ್ಲ, ಮೈಸೂರಿಗೆ ಬೇರೆಯವರ ಹತ್ರ ಬೇಕಾದ್ರೂ ಕಳಿಸ್ತೀನಿ."

"ಏಳಮ್ಮಿ, ಓಗನ," ಅಂದರು ದೊಡ್ಡಪ್ಪ. "ಪದನೂ ಬ್ಯಾಡ, ಗಿದನೂ ಬ್ಯಾಡ."

ದೊಡ್ಡಮ್ಮ ಸೆರಗಿನಲ್ಲಿ ಕಣ್ಣು, ಮೂಗು ಒರೆಸಿಕೊಂಡಳು. "ಸುಮ್ಕಿರಿ ನೀವು. ಇನ್ನೊಂದ್ ದಿನ ಅಂದ್ರೆ ನಾನು ಬರಕ್ಕಿಲ್ಲ. ಎದ್ರಿಕೆ ಮನೆಗೆ ಬಂದು ಕೂತ್ಕಬುಡ್ತದೆ. ಈವತ್ತೇ ಆಗ್ಲಿ." ಡಾಕ್ಟರ ಕಡೆ ತಿರುಗಿದಳು. "ನೀನು ಮೊದ್ಲು ನೀರು ಕುಡಿಯವ್ವ. ಕೈ ನಡುಕ ನಿಂತ್ಮ್ಯಾಲೆ ಸುರು ಮಾಡು. ಬೇರೆಯೋರ್ತಾವ ನಾನ್ಯಾಕೆ ಓಗ್ಲಿ? ಉಸುರು ನಿನ್ ಕೈಯಾಗೇ ಓಗಿತ್ತು, ನಿನ್ ಕೈಯಾಗೇ ಬಂತು."

ಡಾಕ್ಟರು ನೀರು ಕುಡಿದರು. ಬಹಳ ಹೊತ್ತು ಕೈ ತೊಳೆದರು. ಈ ಸಲ ಕುರ್ಚಿಯನ್ನು ನೆಟ್ಟಗೆ ಮಾಡಿ, ಗಂಟಲಿಗೆ ಅಡ್ಡವಾಗಿ ಬಟ್ಟೆ ಹರಡಿ, ಅದರ ಉದ್ದನೆಯ ತುದಿಯನ್ನು ತುಟಿಯಿಂದ ಹೊರಗೆ ತಂದು ದೊಡ್ಡಮ್ಮನ ಕೈಗೇ ಕೊಟ್ಟರು. "ಇದು ನಿಮ್ಮ ಕೈಲಿರಲಿ. ಬೇಡ ಅನ್ನಿಸಿದ್ರೆ ನೀವೇ ಎಳೆದುಬಿಡಿ."

ದೊಡ್ಡಮ್ಮ ಅದನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಂಡು ಬಾಯಿ ತೆರೆದಳು. ನಾನು ಕಿಟಕಿಯ ಕಡೆ ತಿರುಗಿದೆ. ನೋಡಲಾಗಲಿಲ್ಲ. ಉಸಿರು ನಿಂತದ್ದು ಅವಳದು. ಆದರೆ ಬಾಯಿ ತೆರೆದು ಸ್ಥಿರವಾಗಿ ಕೂತವಳು ಅವಳು, ಮುಖ ತಿರುಗಿಸಿದವನು ನಾನು.

ಅಂಟಿಸುವ ಮೊದಲು ಡಾಕ್ಟರು ಎರಡೂ ಕ್ಯಾಪು ಕೂರಿಸಿ, ಬಟ್ಟೆ ತೆಗೆದು, ದೊಡ್ಡಮ್ಮನನ್ನು ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿಸಿ, ಒಂದು ಪದ ಹೇಳಿ ಅಂದರು. ದೊಡ್ಡಮ್ಮ ಒಡೆದ ಗಂಟಲಲ್ಲೇ ಮೆಲ್ಲಗೆ ಒಂದು ಸಾಲು ಹೇಳಿದಳು. ಸಣ್ಣ ಸಿಳ್ಳೆಯೊಂದು ಉಳಿದಿತ್ತು. ಡಾಕ್ಟರು ಕ್ಯಾಪು ತೆಗೆದು ಹಿಂಬದಿಯನ್ನು ಕೂದಲೆಳೆಯಷ್ಟು ಉಜ್ಜಿ, ಮತ್ತೆ ಬಟ್ಟೆ ಇಟ್ಟು, ಮತ್ತೆ ಕೂರಿಸಿ, ಮತ್ತೆ ಕೇಳಿದರು. ಸಿಳ್ಳೆ ಪೂರ್ತಿ ಹೋಗುವವರೆಗೆ ಇಬ್ಬರೂ ಬೇಸರಪಡಲಿಲ್ಲ. ಅಷ್ಟೆಲ್ಲ ಆದ ಮೇಲೂ ಆ ಇಬ್ಬರು ಹೆಂಗಸರು ಅಷ್ಟು ಸಾವಧಾನವಾಗಿ ಕೆಲಸ ಮಾಡಿದ್ದು ಹೇಗೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆ ರಾತ್ರಿ ಊಟಕ್ಕೆ ಕೂತಾಗ ದೊಡ್ಡಪ್ಪ ತುತ್ತು ಬಾಯಿಗಿಟ್ಟುಕೊಂಡು ನುಂಗದೆ ಕೂತುಬಿಟ್ಟರು. ಆಮೇಲೆ ದವಡೆ ಆಡಿಸಿದರು.

"ನೋಡ್ಲಾ ಮಗ, ನಿಮ್ ದೊಡ್ಡಪ್ಪ ಮುದ್ದೆ ಅಗೀತಾವ್ರೆ," ಅಂದಳು ದೊಡ್ಡಮ್ಮ. "ನಾಳಿಕೆ ಅವರ್ಗೂ ಕ್ಯಾಪು ಆಕ್ಸನ."

"ನಗು, ನಗು," ಅಂದರು ಅವರು. ಕಣ್ಣು ತುಂಬಿತ್ತು.

ನಾಗಮಂಗಲದ ಮದುವೆಯಲ್ಲಿ ಅವಳು ಚಪ್ಪರದ ಕೆಳಗೆ ಹೆಂಗಸರ ನಡುವೆ, ಎಲ್ಲರಿಗಿಂತ ಮುಂದೆ ಕೂತಳು. ಸಾಲು ಎತ್ತಿಕೊಟ್ಟಳು. ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳಿತು, ಹಿಂದಿನವರು ತಡವರಿಸದೆ ಹಿಡಿದುಕೊಂಡರು. ಅವರು ಹೇಳಿ ಮುಗಿಸುವಷ್ಟರಲ್ಲಿ ಅವಳು ಮುಂದಿನ ಸಾಲಿಗೆ ಉಸಿರೆಳೆದುಕೊಳ್ಳಬೇಕು. ಜನ ಪದ ಕೇಳುತ್ತಿದ್ದರು. ನಾನು ಕಂಬ ಹಿಡಿದು ನಿಂತು, ಅವಳು ಪ್ರತಿ ಸಲ ಒಳಗೆಳೆದುಕೊಳ್ಳುವ ಆ ಉಸಿರಿಗೆ ಕಾಯುತ್ತಿದ್ದೆ. ಅದು ಪ್ರತಿ ಸಲವೂ ಬಂತು.