ತಂಗಿಗೆ ದಕ್ಕಿದ ನೆಲನೆಲ್ಲಿ

ಇವತ್ತು ಬಂಗಾರಪೇಟೆಯಲ್ಲಿ ತಂಗಿ ರತ್ನಳ ಮನೆ ಬಾಗಿಲಲ್ಲೇ ನೆಲನೆಲ್ಲಿ ಸೊಪ್ಪು ಅರೆಯುವ ಹಸಿವಾಸನೆ ಮೂಗಿಗೆ ಬಡಿಯಿತು. ಹಳೆಯ ಹೊಟ್ಟೆಕಿಚ್ಚು, ಸೇಮ್ ಟು ಸೇಮ್, ಮತ್ತೆ ಹೊತ್ತಿಕೊಂಡಿತು.

ಬೂದಿಕೋಟೆಯ ನಮ್ಮಜ್ಜಿ ಕಾಮಾಲೆಗೆ ಈ ಸೊಪ್ಪು ಕೊಡುತ್ತಿದ್ದಳು. ಉರಿಗಾಂನಿಂದ ಗಣಿ ಕೆಲಸದವರೂ ಬರುತ್ತಿದ್ದರು. ಮದ್ದು ಕೊಡುವವರು ಬೆಳಗ್ಗೆ ಎದ್ದು ಒಂದು ಮಾತೂ ಆಡದೆ ಹೋಗಿ ಕಿತ್ತು ತರಬೇಕು. ಬಾಯಿ ಬಿಟ್ಟರೆ ಮದ್ದು ಕೆಟ್ಟಿತು ಅನ್ನುತ್ತಿದ್ದಳು. ಮನೆಯಲ್ಲಿ ಒಬ್ಬರಿಗಷ್ಟೇ ಕಲಿಸುವ ವಿದ್ಯೆ. ಹಿರಿಯ ಮೊಮ್ಮಗ ನಾನು, ನನಗೇ ಅಂದುಕೊಂಡಿದ್ದೆ. ಮೊದಲ ದಿನವೇ ಬದುವಿನ ಮೇಲೆ ಗಿಡ ಕಂಡು, "ಅಜ್ಜೀ, ಇಲ್ಲೈತೆ!" ಎಂದು ಕೂಗಿಬಿಟ್ಟೆ.

ಅಜ್ಜಿ ಮಡಿಲಿನ ಸೊಪ್ಪನ್ನೆಲ್ಲ ಅಲ್ಲೇ ಸುರಿದಳು. "ನಿನ್ ಬಾಯಿ ಸುಮ್ಕಿರಲ್ಲ ಕಣ್ಲಾ. ನಾಳೆಯಿಂದ ರತ್ನ ಬತ್ತಾಳೆ, ನೀನು ಮನೇಲಿರು."

ಮುಂದೆ ಕಾಲೇಜಿನಲ್ಲಿ ಹಟಕ್ಕೆ ಬಿದ್ದು ಬಾಟನಿ ಓದಿದೆ. ಗಿಡದ ಹೆಸರು ಫಿಲಾಂತಸ್ ಏನೋ, ಉಳಿದದ್ದು ಮರೆತಿದೆ. ಜನ ಮಾತ್ರ ರತ್ನಳ ಜಗಲಿಯಲ್ಲೇ ಕಾಯುತ್ತಾರೆ.

"ನಾಳೆ ಸೊಪ್ಪಿಗೆ ನಾನೂ ಬರಲೇನಮ್ಮ?" ಎಂದೆ.

"ಬ್ಯಾಡಣ್ಣ, ಮೊಮ್ಮಗಳಿಗೆ ಕಲಿಸ್ತಾ ಇವ್ನಿ. ನೀನು ಬಂದ್ರೆ ದಾರಿಯೆಲ್ಲ ಇಂಗ್ಲಿಷು!"

ನಗುತ್ತಲೇ ಅಂದಳು. ನನ್ನವಳು ತೀರಿಕೊಂಡ ಮೇಲೆ ಎಷ್ಟೋ ಬೆಳಗು ನಾನು ಒಂದು ಮಾತೂ ಆಡಿಲ್ಲ. ಸೊಪ್ಪು ಕೀಳಲು ನಾನೀಗ ಫುಲ್ಲಿ ಕ್ವಾಲಿಫೈಡ್ ಎಂದು ರತ್ನಳಿಗೆ ಹೇಳಲಿಲ್ಲ.