ನಮ್ಮ ತಂಡ

ಪಕ್ಕದ ಮನೆಯ ವೆಬ್‌ಸೈಟ್ ಡಿಸೈನರ್ ಯಾವ ಕಂಪನಿಗೂ ಸೇರಿದವನಲ್ಲ. ಅಡುಗೆಮನೆಗೆ ಅಂಟಿದ ಕೋಣೆಯಲ್ಲಿ ಒಬ್ಬನೇ ಕೂತು ದುಡಿಯುತ್ತಾನೆ. ಆದರೂ ಫೋನಿನಲ್ಲಿ ಅವನು ‘ನಾನು’ ಎಂದದ್ದನ್ನು ಕೇಳಿದವರಿಲ್ಲ. ಲೋಗೋ ಇನ್ನೂ ದೊಡ್ಡದಾಗಲಿ ಎಂದು ಗಿರಾಕಿ ಹಟ ಹಿಡಿದರೆ, “ನಮ್ಮ ತಂಡದ ಜೊತೆ ಮಾತಾಡಿ ಹೇಳ್ತೀವಿ ಸಾರ್” ಎಂದು ಫೋನಿಟ್ಟು, ಒಂದು ಲೋಟ ನೀರು ಕುಡಿದು, ತಿರುಗಿ ಫೋನ್ ಮಾಡಿ, “ತಂಡ ಒಪ್ಪಿದೆ” ಎನ್ನುತ್ತಾನೆ. ಬಣ್ಣ ಎಡವಟ್ಟಾದರೆ, “ಹೊಸಬರು ಸಾರ್, ಚೆನ್ನಾಗಿ ಬೈದಿದ್ದೀವಿ” ಎಂದು ತನ್ನನ್ನೇ ಬಿಟ್ಟುಕೊಡುತ್ತಾನೆ. ಮೊನ್ನೆ ಅವನು ಹಾಸಿಗೆ ಹಿಡಿದಾಗ ಫೋನ್ ಬಿಡದೆ ಬಡಿದುಕೊಂಡಿತು. ಅವನ ಹಣೆಯ ಒದ್ದೆ ಬಟ್ಟೆ ಬದಲಿಸುತ್ತಿದ್ದ ತಾಯಿ ಎತ್ತಿಕೊಂಡು, ದನಿ ತಗ್ಗಿಸಿ ಹೇಳಿದರು: “ಇವತ್ತು ಆಗಲ್ಲಪ್ಪ, ಇಡೀ ತಂಡ ಜ್ವರ ಬಂದು ಮಲಗಿದೆ. ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಲ್ಲ.”